ಸೌದೆಗೆ ಸಣ್ಣ ಟ್ರ್ಯಾಕ್ಟರ್: ಮರ ಮುಗಿದರೂ ಕಂತು ಮುಗಿಯದು

ಮಾರಿಕುಪ್ಪಂ: ಬಂಗಾರಪೇಟೆಯಿಂದ ಕವಲೊಡೆದ ರೈಲು ಮಾರ್ಗ ಕೊನೆಗೊಳ್ಳುವುದು ಇಲ್ಲಿ. 1894ರಲ್ಲಿ ಈ ಮಾರ್ಗ ಹಾಕಿದ್ದು ಚಿನ್ನದ ಗಣಿಗಳಿಗಾಗಿ. ಶಿವನಸಮುದ್ರದ ವಿದ್ಯುತ್ 1902ರಲ್ಲಿ ಕೋಲಾರ ಚಿನ್ನದ ಗಣಿ ಪ್ರದೇಶವನ್ನು ತಲುಪುವವರೆಗೆ ಗಣಿಯ ಬಾಯ್ಲರುಗಳು ಉರಿಯುತ್ತಿದ್ದುದು ಸೌದೆ ಮತ್ತು ಕಲ್ಲಿದ್ದಲಿನಿಂದ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಸೌದೆಯ ವ್ಯವಹಾರ ಮಾತ್ರ ಮುಚ್ಚಲಿಲ್ಲ. ಸೈನೈಡ್ ದಿಬ್ಬಗಳನ್ನು ದಾಟಿ ಹಳ್ಳಿಗಳ ಕಡೆ ಹೊರಟರೆ ನೀಲಗಿರಿ ತೋಪುಗಳು ಕಾಣುತ್ತವೆ; ಕಡಿದ ಮರವನ್ನು ರಸ್ತೆಗೆ ಮುಟ್ಟಿಸುವ ಕೆಲಸ ವರ್ಷವಿಡೀ ಎಲ್ಲಾದರೂ ನಡೆದೇ ಇರುತ್ತದೆ.

ಈ ಕೆಲಸಕ್ಕೆ ಎತ್ತಿನ ಗಾಡಿ ಇಲ್ಲವಾಗಿದೆ, ಕೂಲಿಯಾಳು ದುಬಾರಿಯಾಗಿದ್ದಾನೆ. ಹೀಗಾಗಿ 15ರಿಂದ 30 ಅಶ್ವಶಕ್ತಿಯ ಮಿನಿ ಟ್ರ್ಯಾಕ್ಟರುಗಳತ್ತ ಸಣ್ಣ ರೈತರ ಕಣ್ಣು ಬಿದ್ದಿದೆ. ಯಾವುದನ್ನು ಕೊಳ್ಳಬೇಕು, ಅದು ಎಲ್ಲಿ ತಯಾರಾಗುತ್ತದೆ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಸರಳ. ಆದರೆ ಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯೇ ಇದೆ: ಸೌದೆ ಮುಗಿದ ಮೇಲೆ ಈ ಯಂತ್ರಕ್ಕೇನು ಕೆಲಸ?

ನೀಲಗಿರಿಯ ನಂಟು

ಟಿಪ್ಪು ಸುಲ್ತಾನನ ಕಾಲದಲ್ಲಿ, 1790ರ ಸುಮಾರಿಗೆ ನಂದಿಬೆಟ್ಟದಲ್ಲಿ ನೆಟ್ಟ ಗಿಡಗಳಿಂದ ಈ ಭಾಗದ ನೀಲಗಿರಿಯ ಚರಿತ್ರೆ ಆರಂಭವಾಗುತ್ತದೆ. ಅದು ರೈತರ ಹೊಲಕ್ಕೆ ಇಳಿದದ್ದು ಸಾಮಾಜಿಕ ಅರಣ್ಯ ಯೋಜನೆಯ ಮೂಲಕ, 1980ರ ದಶಕದಲ್ಲಿ. ಮಳೆಯನ್ನೇ ನಂಬಿದ, ಕೂಲಿ ಸಿಗದ, ಒಡೆಯ ಬೆಂಗಳೂರಿಗೆ ದುಡಿಯಲು ಹೋದ ಜಮೀನಿಗೆ ನೀಲಗಿರಿ ಹೇಳಿ ಮಾಡಿಸಿದ ಬೆಳೆಯಾಯಿತು. ಒಮ್ಮೆ ನೆಟ್ಟರೆ ಐದಾರು ವರ್ಷಕ್ಕೊಮ್ಮೆ ಕಟಾವು. ಬುಡದಿಂದ ಮತ್ತೆ ಚಿಗುರು, ಮತ್ತೆ ಕಟಾವು. ಅದೇ ಹೊತ್ತಿಗೆ ಅಂತರ್ಜಲ, ರಾಗಿಯ ಹೊಲ ಮತ್ತು ಕೂಲಿಯ ಅವಕಾಶಗಳನ್ನು ಈ ಮರ ನುಂಗುತ್ತದೆಂಬ ಆಕ್ಷೇಪವೂ ಎದ್ದಿತು. ಕೊನೆಗೆ 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿ ಆದೇಶ ಹೊರಡಿಸಿತು.

ಅಲ್ಲಿಗೆ ಸೌದೆಯ ಮೂಲಕ್ಕೆ ಒಂದು ಕೊನೆ ಗೋಚರಿಸಿತು. ಆದರೆ ಬೇಡಿಕೆ ಉಳಿದಿದೆ. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆ ಅಡುಗೆ ಮನೆಗೆ ಗ್ಯಾಸ್ ತಂದರೂ ಮಾಲೂರಿನ ಇಟ್ಟಿಗೆ ಗೂಡು, ರೇಷ್ಮೆ ನೂಲು ಬಿಚ್ಚಾಣಿಕೆಯ ಒಲೆ, ಬೇಕರಿ, ಕಲ್ಯಾಣ ಮಂಟಪಗಳಿಗೆ ಸೌದೆ ಬೇಕೇ ಬೇಕು.

ಅಶ್ವಶಕ್ತಿಗಿಂತ ತೂಕ ಮುಖ್ಯ

ಸೌದೆ ಕೆಲಸದಲ್ಲಿ ಟ್ರ್ಯಾಕ್ಟರಿಗೆ ಮೂರು ಹೊಣೆ: ಕಡಿದ ಮರವನ್ನು ತೋಪಿನಿಂದ ಎಳೆದು ತರುವುದು, ಗರಗಸ ಅಥವಾ ಸೀಳುವ ಯಂತ್ರವನ್ನು ನಡೆಸುವುದು, ಟ್ರೇಲರಿನಲ್ಲಿ ಸಾಗಿಸುವುದು. ಮೂರಕ್ಕೂ ಒಂದೇ ಅಳತೆಗೋಲು ಹೊಂದದು.

ಎಳೆಯುವ ಕೆಲಸಕ್ಕೆ ಎಂಜಿನ್ನಿನ ಶಕ್ತಿಗಿಂತ ಚಕ್ರದ ಹಿಡಿತ ಮುಖ್ಯ. 18 ಅಶ್ವಶಕ್ತಿಯ ಯಂತ್ರವೊಂದು ಮುಕ್ಕಾಲು ಟನ್ನಿಗೂ ಕಡಿಮೆ ತೂಗುವುದುಂಟು. ಹಸಿ ನೀಲಗಿರಿಯಾದರೋ ಘನ ಮೀಟರಿಗೆ ಹೆಚ್ಚುಕಡಿಮೆ ಒಂದು ಟನ್ ತೂಗುತ್ತದೆ. ಸಣ್ಣ ಟ್ರೇಲರಿನಲ್ಲಿ ಕಣ್ಣಳತೆಗೆ ಅರ್ಧ ತುಂಬಿದಂತೆ ಕಂಡ ಹೊರೆಯೂ ಟ್ರ್ಯಾಕ್ಟರಿನ ಎರಡು ಪಟ್ಟು ಭಾರವಿರಬಹುದು. ಏರಿನಲ್ಲಿ ಎಳೆಯುವುದು ಕಷ್ಟವಾದರೆ ಇಳಿಜಾರಿನಲ್ಲಿ ನಿಲ್ಲಿಸುವುದು ಅದಕ್ಕಿಂತ ಅಪಾಯಕಾರಿ. ಬ್ರೇಕಿಲ್ಲದ ಟ್ರೇಲರ್ ಹಗುರ ಟ್ರ್ಯಾಕ್ಟರನ್ನೇ ಮುಂದಕ್ಕೆ ದೂಡುತ್ತದೆ. ಈ ಭಾಗದ ಏರುಪೇರಿನ ನೆಲಕ್ಕೆ ನಾಲ್ಕೂ ಚಕ್ರಕ್ಕೆ ಚಾಲನೆಯಿರುವ ಮಾದರಿಯೇ ಲೇಸು. ಬೆಲೆ ಹೆಚ್ಚಾದರೂ ಆ ಹಣ ವ್ಯರ್ಥವಲ್ಲ.

ದಿಮ್ಮಿಯನ್ನು ಸರಪಳಿ ಕಟ್ಟಿ ಎಳೆಯುವಾಗ ಹಿಂಬದಿಯ ಕೆಳಗಿನ ಕೊಂಡಿಗೇ ಕಟ್ಟಬೇಕು. ಮೇಲಿನ ತೋಳಿಗೋ ಹಿಂದಿನ ಅಚ್ಚಿಗೋ ಕಟ್ಟಿದರೆ, ದಿಮ್ಮಿ ಬುಡವೊಂದಕ್ಕೆ ಸಿಕ್ಕಿಕೊಂಡ ಕ್ಷಣದಲ್ಲಿ ಮುಂದಿನ ಚಕ್ರ ಮೇಲೆದ್ದು ಯಂತ್ರ ಚಾಲಕನ ಮೇಲೆ ಮಗುಚುತ್ತದೆ. ತಲೆಯ ಮೇಲೆ ರಕ್ಷಣಾ ಚೌಕಟ್ಟಿರುವ ಮಾದರಿಯನ್ನು ಆರಿಸುವುದು ಇದೇ ಕಾರಣಕ್ಕೆ. ಕಟಾವಾದ ತೋಪಿನಲ್ಲಿ ಓರೆಯಾಗಿ ಕಡಿದ ಬುಡಗಳು ಮೊಳೆಗಳಂತೆ ನಿಂತಿರುತ್ತವೆ. ಟಯರ್ ಹರಿಯುವುದು, ತಳಕ್ಕೆ ಪೆಟ್ಟು ಬೀಳುವುದು ಅಲ್ಲಿ ಮಾಮೂಲು. ನೆಲದಿಂದ ಎಂಜಿನ್ನಿಗಿರುವ ಎತ್ತರವನ್ನು ಕೊಳ್ಳುವ ಮೊದಲೇ ಅಳೆದು ನೋಡುವುದು ಒಳ್ಳೆಯದು.

ಸೀಳುವ ಯಂತ್ರದ ವಿಷಯದಲ್ಲಿ ಹಲವರು ಮೋಸ ಹೋಗುತ್ತಾರೆ. ಮಿನಿ ಟ್ರ್ಯಾಕ್ಟರಿನ ಹೈಡ್ರಾಲಿಕ್ ಪಂಪು ನೇಗಿಲನ್ನು ಎತ್ತಿಳಿಸಲು ಸಾಕಾಗುವಷ್ಟೇ ಎಣ್ಣೆಯನ್ನು ಹರಿಸುತ್ತದೆ. ಅದಕ್ಕೆ ಸೀಳುವ ಯಂತ್ರ ಜೋಡಿಸಿದರೆ ಕೆಲಸ ಆಮೆಯ ನಡಿಗೆಯಾಗುತ್ತದೆ. ಹಿಂಬದಿಯಲ್ಲಿ ನಿಮಿಷಕ್ಕೆ 540 ಸುತ್ತು ತಿರುಗುವ ಪಿಟಿಒ ದಂಡದಿಂದಲೇ ಪ್ರತ್ಯೇಕ ಪಂಪು ನಡೆಸುವ ಯಂತ್ರ ಇದಕ್ಕಿಂತ ಚುರುಕು. ಜಾಹೀರಾತಿನಲ್ಲಿ ಕಾಣುವುದು ಎಂಜಿನ್ನಿನ ಅಶ್ವಶಕ್ತಿ. ಗರಗಸಕ್ಕೆ ದಕ್ಕುವುದು ಪಿಟಿಒ ಅಶ್ವಶಕ್ತಿ. ಎರಡನೆಯದು ಯಾವಾಗಲೂ ಕಡಿಮೆ. ಮಾರಾಟಗಾರನಿಂದ ಕೇಳಿ ತಿಳಿಯಬೇಕಾದದ್ದು ಆ ಎರಡನೆಯ ಅಂಕಿಯನ್ನೇ. ಇನ್ನು ನೀಲಗಿರಿ ಒಣಗಿದಷ್ಟೂ ಸೀಳಲು ಬಗ್ಗದು. ಹಸಿಯಿದ್ದಾಗಲೇ ಸೀಳಿದರೆ ಸಣ್ಣ ಯಂತ್ರವೂ ನಿಭಾಯಿಸುತ್ತದೆ.

ತಯಾರಾಗುವುದೆಲ್ಲಿ?

ಕೆಜಿಎಫ್‌ನಲ್ಲಿ ಯಂತ್ರ ಕಟ್ಟುವ ಕಸುಬು ಹೊಸದಲ್ಲ. 1964ರಲ್ಲಿ ಸ್ಥಾಪನೆಯಾದ ಬಿಇಎಂಎಲ್‌ನ ಇಲ್ಲಿನ ಘಟಕದಿಂದ ಬುಲ್ಡೋಜರುಗಳು, ಅಗೆಯುವ ದೈತ್ಯ ಯಂತ್ರಗಳು ದೇಶದ ಗಣಿಗಳಿಗೆ ಹೋಗುತ್ತವೆ. ಆದರೆ ಎರಡೆಕರೆಯ ರೈತನಿಗೆ ಬೇಕಾದ ಸಣ್ಣ ಯಂತ್ರ ಹೊರಗಿನಿಂದಲೇ ಬರಬೇಕು.

ಅದು ಬಹು ದೂರದಿಂದೇನೂ ಅಲ್ಲ. 1967ರಲ್ಲಿ ಜಪಾನಿನ ಮಿತ್ಸುಬಿಷಿ ಸಹಯೋಗದೊಂದಿಗೆ ಬೆಂಗಳೂರಿನಲ್ಲಿ ಆರಂಭವಾದ ವಿಎಸ್‌ಟಿ ಸಂಸ್ಥೆಯ ಪವರ್ ಟಿಲ್ಲರುಗಳು ತಯಾರಾಗುವುದು ಇದೇ ಜಿಲ್ಲೆಯ ಮಾಲೂರಿನಲ್ಲಿ; ಅದರ ಸಣ್ಣ ಟ್ರ್ಯಾಕ್ಟರುಗಳು ಗಡಿಯಾಚೆಯ ಹೊಸೂರಿನಲ್ಲಿ. ಮಹೀಂದ್ರ ಸಂಸ್ಥೆಯ 15 ಅಶ್ವಶಕ್ತಿಯ ಯುವರಾಜ್ ಬರುವುದು ಗುಜರಾತಿನ ರಾಜಕೋಟೆಯಿಂದ. ಕ್ಯಾಪ್ಟನ್ ಸಂಸ್ಥೆಯೂ ಅದೇ ಊರಿನದು. ಮಹೀಂದ್ರ 2023ರ ಆಗಸ್ಟ್‌ನಲ್ಲಿ ಅನಾವರಣಗೊಳಿಸಿದ ಹಗುರ ಮಾದರಿಯ ಓಜಾ ತಯಾರಾಗುವುದು ಬೀದರಿನ ನೆರೆಯ ಜಹೀರಾಬಾದಿನಲ್ಲಿ. ಸ್ವರಾಜ್ ಪಂಜಾಬಿನ ಮೊಹಾಲಿಯದಾದರೆ ಸೋನಾಲಿಕ ಹೋಶಿಯಾರ್‌ಪುರದ್ದು. ಸ್ವರಾಜ್ 2021ರಲ್ಲಿ ತಂದ 11 ಅಶ್ವಶಕ್ತಿಯ ಪೆಟ್ರೋಲ್ ಯಂತ್ರ ಕೋಡ್ ತರಕಾರಿ ಸಾಲುಗಳಿಗೆ ಸರಿ. ಸೌದೆಯ ಹೊರೆಗೆ ಅದು ತೀರಾ ಸಣ್ಣದು.

ತಯಾರಿಕೆಯ ಊರು ಹತ್ತಿರವಿದ್ದ ಮಾತ್ರಕ್ಕೆ ಬಿಡಿಭಾಗ ಬಂಗಾರಪೇಟೆಯಲ್ಲಿ ಸಿಗುತ್ತದೆಂದೇನಿಲ್ಲ. ಸೌದೆ ಕೆಲಸದಲ್ಲಿ ಕ್ಲಚ್ಚು, ಟಯರು, ಸೀಲುಗಳು ಬೇಗ ಸವೆಯುತ್ತವೆ. ಯಂತ್ರ ಕೆಟ್ಟು ವಾರ ನಿಂತರೆ ಕಡಿದ ಮರದ ಜೊತೆಗೆ ಕೂಲಿಯೂ ಕಾಯುತ್ತದೆ. ಆದ್ದರಿಂದ ಕಾರ್ಖಾನೆ ಯಾವ ರಾಜ್ಯದ್ದು ಎನ್ನುವುದಕ್ಕಿಂತ ಮೆಕ್ಯಾನಿಕ್ ಎಷ್ಟು ಕಿಲೋಮೀಟರ್ ದೂರದಲ್ಲಿದ್ದಾನೆ ಎನ್ನುವುದೇ ನಿರ್ಣಾಯಕ.

ಕಾಗದ ಪತ್ರದ ತೊಡಕು

ಕರ್ನಾಟಕ ಮರ ಸಂರಕ್ಷಣಾ ಕಾಯ್ದೆ 1976ರ ಪ್ರಕಾರ ಸ್ವಂತ ಜಮೀನಿನ ನೀಲಗಿರಿ, ಸರ್ವೆ, ಸಿಲ್ವರ್ ಓಕ್ ಮುಂತಾದ ಕೆಲವು ಜಾತಿಗಳನ್ನು ಕಡಿಯಲು ಪೂರ್ವಾನುಮತಿ ಬೇಕಿಲ್ಲ. ಆದರೆ ನೀಲಗಿರಿಯ ಹೊರೆಯೊಳಗೆ ಬೇರೆ ಜಾತಿಯ ಮರ ಸೇರಿದರೆ ಲೆಕ್ಕ ಬದಲಾಗುತ್ತದೆ. ಆಂಧ್ರ ಮತ್ತು ತಮಿಳುನಾಡಿನ ಗಡಿಗಳು ಕೂಗಳತೆಯಲ್ಲಿರುವ ಈ ತಾಲ್ಲೂಕಿನಲ್ಲಿ ಗಡಿ ದಾಟಿಸುವವರು ಆಯಾ ರಾಜ್ಯದ ಸಾಗಣೆ ನಿಯಮವನ್ನೂ ತಿಳಿದಿರಬೇಕು.

ಹೆಚ್ಚಿನ ತೊಡಕಿರುವುದು ವಾಹನದ ನೋಂದಣಿಯಲ್ಲಿ. ಕೃಷಿ ಬಳಕೆಗೆಂದು ನೋಂದಾಯಿಸಿದ ಟ್ರ್ಯಾಕ್ಟರಿನಲ್ಲಿ ತನ್ನ ಹೊಲದ ಫಸಲು ಸಾಗಿಸುವುದು ಒಂದು. ಊರವರ ಸೌದೆಯನ್ನು ಬಾಡಿಗೆಗೆ ಹೊಡೆಯುವುದು ಇನ್ನೊಂದು. ಎರಡನೆಯದು ವಾಣಿಜ್ಯ ಬಳಕೆ. ಅಪಘಾತವಾದಾಗ ವಿಮೆಯ ಹಣಕ್ಕೆ ತಕರಾರು ಹುಟ್ಟುವುದು ಇಲ್ಲೇ. ಸೌದೆಯ ಹೊರೆಯ ಮೇಲೆ ಕೂಲಿಯಾಳುಗಳನ್ನು ಕೂರಿಸಿಕೊಂಡು ಬರುವ ರೂಢಿ ಈ ತಕರಾರನ್ನು ಇನ್ನಷ್ಟು ಬಿಗಿಗೊಳಿಸುತ್ತದೆ.

ಸಾಲದ ಆಯುಷ್ಯ, ಮರದ ಆಯುಷ್ಯ

2025ರ ಸೆಪ್ಟೆಂಬರ್ 22ರಿಂದ ಕೃಷಿ ಟ್ರ್ಯಾಕ್ಟರುಗಳ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಕೊಳ್ಳುವ ಆಸೆಗೆ ಇದು ನೀರೆರೆದಿದೆ. ಆದರೆ ಲೆಕ್ಕ ಬಿಡಿಸಿ ನೋಡಿದರೆ ಬೇರೆ ಚಿತ್ರ ಕಾಣುತ್ತದೆ. ಎರಡೆಕರೆ ನೀಲಗಿರಿ ಇರುವವನಿಗೆ ಕಟಾವು ಐದಾರು ವರ್ಷಕ್ಕೊಮ್ಮೆ. ಟ್ರ್ಯಾಕ್ಟರ್ ಸಾಲದ ಅವಧಿಯೂ ಸಾಮಾನ್ಯವಾಗಿ ಅಷ್ಟೇ. ಅಂದರೆ ಸಾಲವೊಂದು ತೀರುವ ಹೊತ್ತಿಗೆ ಯಂತ್ರ ಸ್ವಂತ ಸೌದೆಯನ್ನು ಹೊತ್ತಿರುವುದು ಒಂದೇ ಒಂದು ಸಲ, ಅದೂ ಕೆಲವೇ ವಾರ. ಉಳಿದ ಕಂತುಗಳನ್ನು ಬಾಡಿಗೆಯೋ ಬೇಸಾಯವೋ ಕಟ್ಟಬೇಕು.

ಸೌದೆ ಗುತ್ತಿಗೆಯನ್ನೇ ಕಸುಬು ಮಾಡಿಕೊಂಡವನಿಗೆ ಈ ಲೆಕ್ಕ ಅನ್ವಯಿಸದು. ಅವನಿಗೆ ಮಿನಿಗಿಂತ ದೊಡ್ಡ ಟ್ರ್ಯಾಕ್ಟರೇ ಲಾಭಕರ. ಸ್ವಂತ ತೋಪಿನ ಒಂದು ಕಟಾವಿಗಾದರೆ ಬಾಡಿಗೆ ಟ್ರ್ಯಾಕ್ಟರೇ ಅಗ್ಗ. ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳು ರಾಜ್ಯದಲ್ಲಿ ತೆರೆದದ್ದೇ ಯಂತ್ರ ಕೊಳ್ಳಲಾಗದ ಸಣ್ಣ ಹಿಡುವಳಿದಾರರಿಗಾಗಿ. ನೀಲಗಿರಿಯ ಬುಡವನ್ನೇ ಕಿತ್ತು ಹೊಲ ಮಾಡಹೊರಟವರಿಗೂ ಮಿನಿ ಟ್ರ್ಯಾಕ್ಟರ್ ಉಪಯೋಗಕ್ಕೆ ಬಾರದು. ಅದು ಜೆಸಿಬಿಯ ಕೆಲಸ.

ಹಾಗಾದರೆ ಮಿನಿ ಟ್ರ್ಯಾಕ್ಟರ್ ಯಾರಿಗೆ? ನೀಲಗಿರಿಯಿಂದ ಹೊರಬರಲು ನಿರ್ಧರಿಸಿದವರಿಗೆ. ಬೆಂಗಳೂರಿನ ಸಂಸ್ಕರಿತ ನೀರು ಕೆ.ಸಿ. ವ್ಯಾಲಿ ಯೋಜನೆಯಡಿ 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಆ ನೀರಿನ ಗುಣಮಟ್ಟದ ಬಗೆಗಿನ ಚರ್ಚೆ ಏನೇ ಇರಲಿ, ನೀರು ಕಂಡ ಕಡೆ ಹಿಪ್ಪುನೇರಳೆ, ಟೊಮೆಟೊ, ಮಾವಿನ ಮಾತು ಮತ್ತೆ ಕೇಳಿಬರುತ್ತದೆ. ಆ ಸಾಲುಗಳ ನಡುವೆ ನುಸುಳಿ ಉಳುವುದು, ಔಷಧಿ ಸಿಂಪಡಿಸುವುದು, ಕ್ರೇಟುಗಳನ್ನು ಮಂಡಿಗೆ ಮುಟ್ಟಿಸುವುದು ಈ ಯಂತ್ರಗಳ ನಿಜವಾದ ಕಸುಬು. ಸೌದೆ ಅದಕ್ಕೆ ಉಪಕಸುಬಾಗಬಹುದೇ ಹೊರತು ಮೂಲ ಕಸುಬಾಗಲಾರದು.

ಮಾರಿಕುಪ್ಪಂನ ಸುತ್ತಲಿನವರಿಗೆ ಈ ಪಾಠವನ್ನು ಹೊಸದಾಗಿ ಹೇಳಬೇಕಿಲ್ಲ. ನೆಲದಡಿಯ ಒಂದೇ ಸಂಪತ್ತನ್ನು ನಂಬಿ ಕಟ್ಟಿದ ಯಂತ್ರಗಳು ಅದು ಮುಗಿದಾಗ ತುಕ್ಕು ಹಿಡಿದುದನ್ನು ಅವರು ಕಣ್ಣಾರೆ ಕಂಡಿದ್ದಾರೆ. ನೆಲದ ಮೇಲಿನ ಒಂದೇ ಮರವನ್ನು ನಂಬಿ ಸಾಲ ಮಾಡುವ ಮುನ್ನ ಆ ನೆನಪು ಬಂದರೆ ಸಾಕು.