ಬಂಪರ್ ನಿಮ್ಮದು, ಬಡ್ಡಿ ಅವರದು

ನಮ್ಮ ಆಫೀಸಿನಲ್ಲಿ ಯಾರಾದರೂ ಹೊಸ ಕಾರು ತಗೊಂಡರೆ ಸ್ವೀಟ್ ಡಬ್ಬಿಯ ಹಿಂದೆಯೇ ಒಂದು ಉಪದೇಶವೂ ಬರುತ್ತದೆ. "ಹೈವೇಲಿ ಹಳ್ಳಿ ಹತ್ರ ಯಾರಿಗಾದ್ರೂ ಟಚ್ ಆದ್ರೆ ನಿಲ್ಲಿಸ್ಬೇಡ ಗುರೂ. ಸೀದಾ ಮುಂದಿನ ಟೋಲ್‌ವರೆಗೂ ಹೊಡಿ. ಹಳ್ಳಿ ಜನ ಸುತ್ತಾಕ್ಕೊಂಡ್ರೆ ಮುಗೀತು ಕಥೆ." ಕೇಳಿಸಿಕೊಂಡವನು ಗಂಭೀರವಾಗಿ ತಲೆಯಾಡಿಸುತ್ತಾನೆ. ಪಕ್ಕದ ಸೀಟಿನಲ್ಲಿ ಕೂತು ಕೋಡ್ ಬರೀತಾ ಇರೋ ನಾನೇ ಆ 'ಹಳ್ಳಿ ಜನ' ಅನ್ನೋದು ಇಬ್ಬರಿಗೂ ನೆನಪಿರುವುದಿಲ್ಲ. ಹೊಳಲ್ಕೆರೆ ತಾಲ್ಲೂಕಿನವನು ಸ್ವಾಮಿ ನಾನು. ನೀವು ಗುದ್ದಿ ಓಡಿಹೋಗಬೇಕು ಅಂತ ಮಾತಾಡ್ಕೋತಾ ಇರೋದು ನಮ್ಮಪ್ಪನ ವಯಸ್ಸಿನವರನ್ನ.

ಈ ಉಪದೇಶ ಕೊಡುವವರು ಕಾನೂನು ತಮ್ಮ ಕಡೆ ಇದೆ ಅಂದುಕೊಂಡಿದ್ದಾರೆ. ಅರ್ಧ ಇದೆ. 1988ರ ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಪ್ರಕಾರ ಗಾಯಗೊಂಡವರಿಗೆ ಚಿಕಿತ್ಸೆ ಸಿಗುವಂತೆ ನೋಡಿಕೊಳ್ಳುವುದು ಚಾಲಕನ ಕೆಲಸ. ಗುಂಪಿನ ಆಕ್ರೋಶದಂಥ ಕೈಮೀರಿದ ಕಾರಣ ಇದ್ದರೆ ಅದಕ್ಕೆ ವಿನಾಯಿತಿ ಉಂಟು. ಆದರೆ ಅದೇ ಸೆಕ್ಷನ್ನಿನ ಮುಂದಿನ ಸಾಲನ್ನು ಯಾರೂ ಓದುವುದಿಲ್ಲ. ಹತ್ತಿರದ ಪೊಲೀಸ್ ಠಾಣೆಗೆ ಹೋಗಿ, ಏನಾಯಿತು, ಯಾಕೆ ನಿಲ್ಲಲಿಲ್ಲ ಅನ್ನುವುದನ್ನು ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ, ಹೇಳಬೇಕು. ಇನ್ಶೂರೆನ್ಸ್ ಕಂಪನಿಗೂ ಬರೆದು ತಿಳಿಸಬೇಕು. ಮುಂದಿನ ಟೋಲ್‌ವರೆಗೆ ಹೊಡೆದವರಲ್ಲಿ ಎಷ್ಟು ಜನ ಅಲ್ಲಿಂದ ಠಾಣೆಗೆ ಹೋಗಿದ್ದೀರಿ? ಗುಯಿಲಾಳು ಟೋಲ್ ದಾಟಿದ ಮೇಲೆ ದುರ್ಗದಲ್ಲಿ ಬೆಣ್ಣೆದೋಸೆ ತಿಂದು, ಬಂಪರ್ ನೋಡಿಕೊಂಡು, "ಸದ್ಯ ಏನಾಗಿಲ್ಲ" ಅಂದವರೇ ಜಾಸ್ತಿ.

ಮತ್ತೆ ಆ ರಸ್ತೆಯಾದರೂ ಯಾರದು? ಈಗ ಎನ್‌ಎಚ್ 48 ಅನ್ನಿಸಿಕೊಂಡಿರುವ ಹಳೇ ಎನ್‌ಎಚ್ 4 ಹಿರಿಯೂರಿನಿಂದ ಚಿತ್ರದುರ್ಗದ ಕಡೆ ಬರುವಾಗ ಊರುಗಳನ್ನು ಚಾಕು ಇಟ್ಟಂಗೆ ಕೊಯ್ದುಕೊಂಡು ಬಂದಿದೆ. ಮನೆ ಈ ಕಡೆ, ಹೊಲ ಆ ಕಡೆ. ಹಸು ಈ ಕಡೆ, ಡೇರಿ ಆ ಕಡೆ. ಅಂಡರ್‌ಪಾಸ್ ದೂರ ಇದ್ದಲ್ಲಿ ಮೇವು ಹೇರಿಕೊಂಡ ಮನುಷ್ಯ ರಾಂಗ್ ಸೈಡಲ್ಲಿ ಬರ್ತಾನೆ. ಬರಬಾರದು, ಒಪ್ಪೋಣ. ಆದರೆ ಅವನು ನೂರಿಪ್ಪತ್ತರಲ್ಲಿ ಬರೋದಿಲ್ಲ. ನೀವು ಬರ್ತೀರಿ. ಇನ್ನು ಹೊಸದುರ್ಗ, ಹೊಳಲ್ಕೆರೆ ಕಡೆಯ ಒಳರಸ್ತೆಗಳಂತೂ ಸುಗ್ಗಿ ಕಾಲಕ್ಕೆ ಅರ್ಧ ಕಣವೇ ಆಗಿರುತ್ತವೆ. ಟಾರಿನ ಮೇಲೆ ರಾಗಿ ಹುಲ್ಲು ಹರವಿ ಹೋಗೋ ಬರೋ ಗಾಡಿಗಳಿಂದಲೇ ಒಕ್ಕಣೆ ಮಾಡಿಸುತ್ತಾರೆ. ಅದು ಅಪಾಯ, ಬೈಕಿನವರು ಜಾರಿ ಬಿದ್ದಿದ್ದಾರೆ, ನಾನೇನೂ ಅದನ್ನು ಜಾನಪದ ಸೊಗಡು ಅಂತ ಹೊಗಳಲ್ಲ.

ನಾನು ಹೇಳಹೊರಟಿದ್ದು ದೊಡ್ಡ ಆಕ್ಸಿಡೆಂಟುಗಳ ಬಗ್ಗೆ ಅಲ್ಲ. ಅವುಗಳಿಗೆ ಪೊಲೀಸು, ಪೇಪರು, ಲಾಯರು ಎಲ್ಲ ಬರುತ್ತಾರೆ. ಯಾರೂ ಬರೆದಿಡದ ಸಣ್ಣ ಗುದ್ದುಗಳ ಬಗ್ಗೆ. ಬಂಪರ್ ಮೂಲೆ ಸೀಳಿತು, ಮಿರರ್ ಹೋಯಿತು, ಎದುರಿನವನ ಮಂಡಿ ತರಚಿತು, ಇಷ್ಟೇ. ಆಮೇಲಿನ ಹದಿನೈದು ನಿಮಿಷದಲ್ಲಿ ನಾವು ಎಂಥವರು ಅನ್ನೋದು ಗೊತ್ತಾಗಿಬಿಡುತ್ತದೆ.

ಹೋದ ವರ್ಷ ಒಂದು ಭಾನುವಾರ ಸಂಜೆ ಹೊಳಲ್ಕೆರೆ ಹತ್ತಿರ ಬಸ್ಸಿಳಿದೆ. ನಾನಿಳಿದ ಬಸ್ಸು ಇನ್ನೂ ನಿಂತೇ ಇತ್ತು. ಹಿಂದಿನಿಂದ ಬಂದ ಬಿಳಿ ಕಾರೊಂದು ಅದನ್ನು ಬಲಕ್ಕೆ ಹಾಕಿ ದಾಟಿತು. ಅದೇ ಹೊತ್ತಿಗೆ ಬಲಗಡೆಯ ತೋಟದ ದಾರಿಯಿಂದ ಹಿರಿಯರೊಬ್ಬರು ಬೂಸಾ ಚೀಲ ಇಟ್ಟುಕೊಂಡು ಎಕ್ಸ್‌ಎಲ್‌ನಲ್ಲಿ ಟಾರಿಗೆ ಹತ್ತಿದರು. ಬ್ರೇಕ್ ಹಾಕಿದರೂ ತಾಗಿತು. ಕಾರಿನ ಬಲ ಮೂಲೆಯ ಬಂಪರ್ ಸೀಳಿ ಫಾಗ್ ಲ್ಯಾಂಪ್ ನೇತಾಡಿತು. ಎಕ್ಸ್‌ಎಲ್‌ನ ಹ್ಯಾಂಡಲ್ ತಿರುಚಿಕೊಂಡು ಮುಂದಿನ ಮಡ್‌ಗಾರ್ಡ್ ನಜ್ಜಾಯಿತು. ಯಜಮಾನರು ಚೀಲದ ಮೇಲೇ ಬಿದ್ದರು. ಬೂಸಾ ಕಾಪಾಡಿತು. ಮಂಡಿ ಮಾತ್ರ ತರಚಿತ್ತು.

ಕಾರಿನಿಂದ ಇಳಿದ ಹುಡುಗನಿಗೆ ಮೂವತ್ತರ ಆಸುಪಾಸು. ಕೊರಳಲ್ಲಿ ಟ್ಯಾಗ್ ಒಂದಿರಲಿಲ್ಲ, ಉಳಿದಿದ್ದೆಲ್ಲ ನಮ್ಮ ಜಾತಿಯೇ. ಇಳಿದವನು ಮೊದಲು ಬಂಪರ್ ನೋಡಿದ, ಆಮೇಲೆ ಬಾಗಿ ಇನ್ನೊಂದು ಸಲ ಬಂಪರ್ ನೋಡಿದ, ಆಮೇಲೆ ಫೋನ್ ತೆಗೆದು ಬಂಪರಿನ ಫೋಟೊ ತೆಗೆದ. ಆಮೇಲೆ "ಏಯ್, ಕಣ್ ಕಾಣಲ್ವೇನಯ್ಯಾ ನಿಂಗೆ?" ಅಂದ. ಯಜಮಾನರು ಧೂಳು ಕೊಡವಿಕೊಳ್ಳುತ್ತಾ "ಕಾಣ್ಲಿಲ್ಲ ಸಾರ್, ಬಸ್ಸು ಅಡ್ಡ ಇತ್ತು ಸಾರ್" ಅಂದರು.

ಒಬ್ಬರಿಗೆ 'ಸಾರ್', ಇನ್ನೊಬ್ಬರಿಗೆ 'ಏಯ್'. ಇದೇ ಹುಡುಗ ಸೋಮವಾರ ಬೆಳಗ್ಗೆ ಅಪಾರ್ಟ್‌ಮೆಂಟಿನ ವಾಕಿಂಗ್ ಟ್ರ್ಯಾಕಿನಲ್ಲಿ ಅಷ್ಟೇ ವಯಸ್ಸಿನವರು ಎದುರಾದರೆ "ಗುಡ್ ಮಾರ್ನಿಂಗ್ ಅಂಕಲ್" ಅನ್ನುತ್ತಾನೆ. ತಪ್ಪು ಯಾರದು ಅನ್ನೋದು ಇನ್ನೂ ತೀರ್ಮಾನ ಆಗಿರಲಿಲ್ಲ. ಏಕವಚನ ಮಾತ್ರ ಮೊದಲೇ ತೀರ್ಮಾನ ಆಗಿತ್ತು.

ಹುಡುಗ ಎಂಟು ಸಾವಿರ ಕೇಳಿದ. "ಕಾರಿಗೆ ಇನ್ಶೂರೆನ್ಸ್ ಇಲ್ವಾ?" ಅಂತ ನಾನು ಕೇಳಿದೆ. "ಇದೆ. ಕ್ಲೇಮ್ ಮಾಡಿದ್ರೆ ಎನ್‌ಸಿಬಿ ಹೋಗುತ್ತಲ್ಲ ಬ್ರೋ" ಅಂದ. "ನೀವು ಬಸ್ಸಿನ ಬಲಕ್ಕೆ ಹಾಕಿದ್ದು, ಆ ಕಡೆ ಏನು ಬರುತ್ತೆ ಅಂತ ನಿಮಗೂ ಕಾಣ್ತಿರ್ಲಿಲ್ಲ ಅಲ್ವಾ" ಅಂದದ್ದಕ್ಕೆ, "ಹಂಗಾದ್ರೆ ಸ್ಟೇಷನ್‌ಗೆ ಹೋಗೋಣ, ನಡೀರಿ" ಅಂದ. ಸ್ಟೇಷನ್ ಅಂದಕೂಡಲೇ ಯಜಮಾನರ ಮುಖ ಬಿತ್ತು. "ಬ್ಯಾಡ ಬಿಡಪ್ಪ, ನೀನ್ ಸುಮ್ನಿರು" ಅಂತ ನನ್ನನ್ನೇ ತಡೆದರು. ಯಾರ್‍ಯಾರೋ ನಡುವೆ ಬಂದು ಮೂರೂವರೆ ಸಾವಿರಕ್ಕೆ ಮಾತಾಯಿತು. ಅವರು ಯಾರಿಗೋ ಫೋನ್ ಮಾಡಿದರು, ಅಂಗಡಿಯವನ ನಂಬರಿಗೆ ದುಡ್ಡು ಬಂತು, ಅಲ್ಲಿಂದ ಕಾರಿನವನಿಗೆ ಹೋಯಿತು. ಕಾರು ಹೊರಟಿತು. ತಿರುಚಿದ ಹ್ಯಾಂಡಲ್ ಬಗ್ಗೆ ಒಬ್ಬರೂ ತುಟಿ ಬಿಚ್ಚಲಿಲ್ಲ. ಆಮೇಲೆ ಕೇಳಿದಾಗ ತಿಳಿಯಿತು, ದುಡ್ಡು ಅಡಿಕೆ ವ್ಯಾಪಾರಿಯದು, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ. ಅಂದರೆ ತಿಂಗಳಿಗೆ 105 ರೂಪಾಯಿ, ಅಸಲು ತೀರುವವರೆಗೆ.

ಈಗ ಆ ಎನ್‌ಸಿಬಿ ಲೆಕ್ಕ ಮಾಡೋಣ, ನಾವು ಲೆಕ್ಕದವರೇ ಅಲ್ವಾ. ನೋ ಕ್ಲೇಮ್ ಬೋನಸ್ ಅಂದರೆ ಒಂದು ವರ್ಷ ಕ್ಲೇಮ್ ಮಾಡದಿದ್ದರೆ 20 ಪರ್ಸೆಂಟ್, ಆಮೇಲೆ 25, 35, 45, ಐದು ವರ್ಷಕ್ಕೆ 50 ಪರ್ಸೆಂಟ್ ರಿಯಾಯಿತಿ. ಇದು ಇಡೀ ಪ್ರೀಮಿಯಂ ಮೇಲಲ್ಲ, ಓನ್ ಡ್ಯಾಮೇಜ್ ಭಾಗದ ಮೇಲೆ ಮಾತ್ರ. ಆ ಭಾಗ 12,000 ಇದ್ದು 35 ಪರ್ಸೆಂಟ್ ಬೋನಸ್ ಇದ್ದರೆ 4,200 ರೂಪಾಯಿ. ಕ್ಲೇಮ್ ಮಾಡಿದರೆ ಅದು ಸೊನ್ನೆಗೆ ಬಂದು ಮತ್ತೆ ಮೊದಲಿಂದ ಏರಬೇಕು. ಜೊತೆಗೆ ಕಂಪಲ್ಸರಿ ಡಿಡಕ್ಟಿಬಲ್ 1,000, 1500 ಸಿಸಿಗಿಂತ ದೊಡ್ಡ ಎಂಜಿನ್ ಆದರೆ 2,000. ಝೀರೋ ಡೆಪ್ ಇಲ್ಲದಿದ್ದರೆ ಪ್ಲಾಸ್ಟಿಕ್ ಭಾಗಕ್ಕೆ ಅರ್ಧ ದುಡ್ಡು ನಿಮ್ಮದೇ. ಹಾಗಾಗಿ ಸಣ್ಣ ರಿಪೇರಿಗೆ ಕ್ಲೇಮ್ ಮಾಡದಿರುವುದು ಜಾಣತನವೇ. ಕ್ಲೇಮ್ ಮಾಡಬೇಡಿ, ಕೈಯಿಂದ ಹಾಕಿ ರಿಪೇರಿ ಮಾಡಿಸಿಕೊಳ್ಳಿ, ನನ್ನ ತಕರಾರಿಲ್ಲ. ಆದರೆ ನಿಮ್ಮ ರಿಯಾಯಿತಿ ಉಳಿಸಿಕೊಳ್ಳೋಕೆ ಇನ್ನೊಬ್ಬರು ಬಡ್ಡಿಗೆ ದುಡ್ಡು ತರಬೇಕು ಅನ್ನೋದು ಯಾವ ಪಾಲಿಸಿಯ ಯಾವ ಕ್ಲಾಸಿನಲ್ಲಿದೆ? ಬೋನಸ್ ಮೇಲೆ ಅಷ್ಟು ಪ್ರೀತಿ ಇದ್ದರೆ ಎನ್‌ಸಿಬಿ ಪ್ರೊಟೆಕ್ಟ್ ಅನ್ನೋ ಆ್ಯಡ್-ಆನ್ ಮಾರ್ತಾರೆ, ಅದನ್ನ ತಗೊಳ್ಳಿ.

ಇನ್ನು ಸ್ಟೇಷನ್ ಅನ್ನೋ ಬೆದರಿಕೆ. ಅದು ಯಾಕೆ ಒಂದೇ ಕಡೆ ಕೆಲಸ ಮಾಡುತ್ತೆ ಯೋಚಿಸಿ. ಕಾರಿನವನ ಆರ್‌ಸಿ, ಡಿಎಲ್, ಇನ್ಶೂರೆನ್ಸ್ ಎಲ್ಲ ಡಿಜಿಲಾಕರಿನಲ್ಲಿ ಕೂತಿದೆ. ಎಕ್ಸ್‌ಎಲ್‌ನವರ ಇನ್ಶೂರೆನ್ಸ್ ಮುಗಿದು ಎಷ್ಟೋ ವರ್ಷ ಆಗಿರುತ್ತದೆ. 2018ರ ಸೆಪ್ಟೆಂಬರಿನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ, ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಮಾಡಿಸಬೇಕು ಅಂತಾಯಿತು. ಒಳ್ಳೆಯದೇ. ಆದರೆ ಆರನೇ ವರ್ಷಕ್ಕೆ ಯಾರು ನೆನಪಿಸುತ್ತಾರೆ? ಶೋರೂಮಿನಲ್ಲಿ ಕೊಟ್ಟ ನಂಬರು ಅಷ್ಟರಲ್ಲಿ ಬದಲಾಗಿರುತ್ತದೆ, ಮೆಸೇಜು ಇನ್ಯಾರಿಗೋ ಹೋಗುತ್ತದೆ. ವಿಮೆಯಿಲ್ಲದೆ ಓಡಿಸಿದರೆ ಕಾಯ್ದೆಯಲ್ಲಿ ಮೊದಲ ಸಲಕ್ಕೆ 2,000 ದಂಡ, ಮೂರು ತಿಂಗಳ ತನಕ ಜೈಲು ಕೂಡ ಇದೆ. ಕೇಸಾದರೆ ಬ್ರೇಕ್ ಇನ್‌ಸ್ಪೆಕ್ಟರ್ ಬಂದು ನೋಡುವವರೆಗೆ ಗಾಡಿ ಠಾಣೆ ಮುಂದೆ. ಕಾರು ಠಾಣೆಯಲ್ಲಿ ನಿಂತರೆ ನೀವು ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುತ್ತೀರಿ. ಎಕ್ಸ್‌ಎಲ್ ನಿಂತರೆ ಡೇರಿಗೆ ಹಾಲು ಹೋಗಲ್ಲ. ಹಾಗಾಗಿ ಕಾನೂನಿನ ಹೆಸರು ಹೇಳುವವನಿಗೆ ಕಾನೂನು ಬೇಕಿಲ್ಲ, ಎದುರಿನವರ ಭಯ ಸಾಕು.

ಹೌದು, ಉಲ್ಟಾನೂ ಆಗುತ್ತೆ, ಗೊತ್ತು. ಕಾರಿನ ಕೀ ಕಿತ್ತುಕೊಳ್ಳುವುದು, ಮರದ ಕೆಳಗೆ ಪಂಚಾಯ್ತಿ ಕೂರಿಸಿ ಐನೂರರ ಗಾಯಕ್ಕೆ ಐವತ್ತು ಸಾವಿರ ಕೇಳುವುದು, ಗಾಯವಾದವನ ನೆಂಟನೂ ಅಲ್ಲದವನು ಕಮಿಷನ್ ಹೊಡೆಯುವುದು, ಎಲ್ಲಾ ನಮ್ಮ ಕಡೆ ನಡೆಯುತ್ತೆ. ದೊಡ್ಡ ಗಾಡಿಯದ್ದೇ ತಪ್ಪು ಅನ್ನುವುದು ನಮ್ಮೂರ ಅಲಿಖಿತ ಸಂವಿಧಾನ. ಹೆಂಡತಿ ಮಕ್ಕಳು ಕಾರಲ್ಲಿರುವಾಗ ಮೂವತ್ತು ಜನ ಸುತ್ತುವರಿದರೆ ನನಗೂ ಹೆದರಿಕೆಯಾಗುತ್ತದೆ. ಇದು ಸುಲಿಗೆ, ಬೇರೆ ಹೆಸರಿಲ್ಲ. ಆದರೆ ಕೀ ಕಿತ್ತುಕೊಳ್ಳೋದು ಯಾಕೆ ಶುರುವಾಯಿತು? ಕಾರು ಒಂದು ಸಲ ಕಣ್ಮರೆಯಾದರೆ ಅದು ವಾಪಸ್ ಬರಲ್ಲ ಅನ್ನುವುದು ಅವರ ಅನುಭವ. ನಿಮ್ಮ ಆಫೀಸಿನ ಉಪದೇಶ ಅವರಿಗೂ ಗೊತ್ತು ಕಣ್ರೀ.

ನಿಜವಾಗಿ ಸಿಟ್ಟು ಬರಬೇಕಾದ್ದು ವ್ಯವಸ್ಥೆಯ ಮೇಲೆ. ಖಾಸಗಿ ಕಾರಿನ ಥರ್ಡ್ ಪಾರ್ಟಿ ವಿಮೆಯಲ್ಲಿ ಎದುರಿನವರ ಆಸ್ತಿ ನಷ್ಟಕ್ಕೆ ಸಾಮಾನ್ಯವಾಗಿ 7.5 ಲಕ್ಷದವರೆಗೆ ರಕ್ಷಣೆ ಇದೆ. ಅಂದರೆ ತಪ್ಪು ಕಾರಿನದ್ದಾದರೆ ಆ ಮಡ್‌ಗಾರ್ಡಿನ ದುಡ್ಡು ಕಾರಿನ ವಿಮಾ ಕಂಪನಿ ಕೊಡಬೇಕು. ಇದನ್ನು ರಸ್ತೆಯಲ್ಲಿ ಆ ಯಜಮಾನರಿಗೆ ಹೇಳುವವರು ಯಾರು? ಹೇಳಿದರೂ, ಪಡೆಯುವ ದಾರಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ದೂರು, ವಕೀಲರು, ವಾಯಿದೆ. ಅದೂ 2022ರ ಏಪ್ರಿಲ್‌ನಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಅನ್ನೋ ನಿಯಮ ಬೇರೆ. ಎರಡು ಸಾವಿರದ ಮಡ್‌ಗಾರ್ಡಿಗೆ ಯಾವ ರೈತ ಕೋರ್ಟು ಮೆಟ್ಟಿಲು ಹತ್ತುತ್ತಾನೆ? ಸಾವು, ಕೈಕಾಲು ಮುರಿತಕ್ಕೆ ಕಟ್ಟಿದ ಬಾಗಿಲಿನಲ್ಲೇ ಸಣ್ಣ ಗುದ್ದಿನವರೂ ಬರಲಿ ಅಂದರೆ ಅವರು ಬರೋದಿಲ್ಲ, ಟೀ ಅಂಗಡಿ ಮುಂದೆಯೇ ಮುಗಿಸಿಕೊಳ್ಳುತ್ತಾರೆ. ಅಲ್ಲಿ ಜೋರು ಬಾಯಿ ಇದ್ದವನೇ ಜಡ್ಜ್.

ಫ್ರಾನ್ಸು ಜರ್ಮನಿ ಅಂತ ಆನ್‌ಸೈಟ್ ಹೋಗಿ ಕಾರು ಓಡಿಸಿದವರು ನೋಡಿರ್ತೀರಿ, ಅಲ್ಲಿ ಗ್ಲೋವ್ ಬಾಕ್ಸಿನಲ್ಲಿ ಒಂದು ಅಪಘಾತ ಫಾರಂ ಇಟ್ಟುಕೊಂಡಿರುತ್ತಾರೆ. ಗುದ್ದಿದರೆ ಇಬ್ಬರೂ ಸೇರಿ ತುಂಬುತ್ತಾರೆ. ಯಾವ ಗಾಡಿ ಎಲ್ಲಿತ್ತು ಅಂತ ಚಿತ್ರ ಬರೆದು, ಇಬ್ಬರೂ ಸಹಿ ಹಾಕಿ, ಒಂದೊಂದು ಪ್ರತಿ ಇಟ್ಟುಕೊಂಡು ತಮ್ಮ ತಮ್ಮ ವಿಮಾ ಕಂಪನಿಗೆ ಕಳಿಸುತ್ತಾರೆ. ತಪ್ಪು ಯಾರದು ಅಂತ ರಸ್ತೆಯಲ್ಲಿ ಕಿರುಚಾಡುವ ಅಗತ್ಯವಿಲ್ಲ, ಅದು ಕಂಪನಿಗಳ ತಲೆನೋವು. ಸೋಡಾ ಕುಡಿದು ಹತ್ತು ರೂಪಾಯಿ ಸ್ಕ್ಯಾನ್ ಮಾಡೋ ದೇಶಕ್ಕೆ ಒಂದು ಪುಟದ ಕನ್ನಡ ಫಾರಂ ಮಾಡೋಕಾಗಲ್ವಾ? ಸಣ್ಣ ಮೊತ್ತದ ಆಸ್ತಿ ನಷ್ಟವನ್ನು ನ್ಯಾಯಮಂಡಳಿಗೆ ಹೋಗದೆ ವಿಮಾ ಕಂಪನಿಯೇ ನೇರವಾಗಿ ತೀರಿಸಲಿ ಅಂತ ನಿಯಮ ತರೋಕಾಗಲ್ವಾ? ಆಗುತ್ತೆ. ಯಾರೂ ಕೇಳಿಲ್ಲ, ಯಾಕಂದ್ರೆ ಕೇಳೋ ಶಕ್ತಿ ಇರೋ ನಮ್ಮಂಥವರಿಗೆ ಈಗಿನ ಏರ್ಪಾಡಿನಲ್ಲಿ ನಷ್ಟ ಇಲ್ಲ.

ಅದಾಗುವವರೆಗೆ ಏನು ಮಾಡೋದು ಅಂತೀರಾ? ನಿಲ್ಲಿಸಿ. ಇಳಿದ ಕೂಡಲೇ ಮನುಷ್ಯರನ್ನ ನೋಡಿ, ಪೆಟ್ಟಾಗಿದ್ದರೆ 108ಕ್ಕೆ ಕರೆ ಮಾಡಿ. ಪೆಟ್ಟಿಲ್ಲ ಅಂದರೆ ಗಾಡಿ ಬದಿಗೆ ಹಾಕುವ ಮೊದಲು ಎರಡೂ ಗಾಡಿ ಕಾಣುವಂಗೆ ಫೋಟೊ ತೆಗೀರಿ, ಬರೀ ನಿಮ್ಮ ಬಂಪರಿನದಲ್ಲ. ಬಹುವಚನದಲ್ಲಿ ಮಾತಾಡಿ, ಅರ್ಧ ಜನ ಅಲ್ಲೇ ಚದುರುತ್ತಾರೆ. ಗಲಾಟೆ ಆಗುತ್ತೆ ಅನ್ನಿಸಿದರೆ 112ಕ್ಕೆ ನೀವೇ ಫೋನ್ ಮಾಡಿ, ಬೆದರಿಸೋಕಲ್ಲ, ಕರೆಸೋಕೆ. ತಪ್ಪು ಅರ್ಧರ್ಧ ಅನ್ನಿಸಿದರೆ ನಿಮ್ಮದು ನಿಮಗೆ, ಅವರದು ಅವರಿಗೆ. ಪೂರ್ತಿ ಅವರದ್ದೇ ತಪ್ಪು ಅಂತ ನಿಮಗೆ ಖಾತ್ರಿ ಇದ್ದರೆ ಕಾನೂನು ಪ್ರಕಾರ ನಷ್ಟ ಕೇಳೋ ಹಕ್ಕು ನಿಮಗಿದೆ, ಇಲ್ಲ ಅನ್ನಲ್ಲ. ಆದರೆ ಆ ಹಕ್ಕನ್ನು ಟೀ ಅಂಗಡಿ ಮುಂದೆ ಸಂಜೆ ಆರು ಗಂಟೆಗೆ ಫೋನ್‌ಪೇ ಮೂಲಕ ವಸೂಲಿ ಮಾಡಬೇಕು ಅಂತ ಎಲ್ಲೂ ಬರೆದಿಲ್ಲ.

ಮತ್ತೆ ಊರಲ್ಲಿ ಅಪ್ಪ, ಚಿಕ್ಕಪ್ಪ, ಮಾವನ ಹೆಸರಲ್ಲಿ ಎಕ್ಸ್‌ಎಲ್ಲೋ ಸ್ಪ್ಲೆಂಡರೋ ಇದ್ದವರು ಈ ಪುಟ ಪಕ್ಕಕ್ಕಿಟ್ಟು ಎಂಪರಿವಾಹನ್ ಆ್ಯಪಿನಲ್ಲಿ ಆ ನಂಬರ್ ಹಾಕಿ ನೋಡಿ, ಇನ್ಶೂರೆನ್ಸ್ ಎಂದಿನ ತನಕ ಇದೆ ಅಂತ ತೋರಿಸುತ್ತೆ. 75ರಿಂದ 150 ಸಿಸಿ ಗಾಡಿಗೆ 2022ರಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ದರ ವರ್ಷಕ್ಕೆ 714 ರೂಪಾಯಿ, 18 ಪರ್ಸೆಂಟ್ ಜಿಎಸ್‌ಟಿ ಸೇರಿ 843. ಆ ಯಜಮಾನರು ಕೊಟ್ಟ ಮೂರೂವರೆ ಸಾವಿರದಲ್ಲಿ ನಾಲ್ಕು ವರ್ಷದ ವಿಮೆ ಆಗಿ ಇನ್ನೂ ನೂರು ರೂಪಾಯಿ ಉಳಿಯುತ್ತಿತ್ತು. ನಮ್ಮಪ್ಪನ ಗಾಡಿಯದ್ದನ್ನು ನಾನು ನನ್ನ ಕಾರಿನ ಜೊತೆಗೇ ರಿನ್ಯೂ ಮಾಡಿ, ಪ್ರಿಂಟ್ ತೆಗೆದು, ಲ್ಯಾಮಿನೇಶನ್ ಮಾಡಿಸಿ ಕಳಿಸುತ್ತೇನೆ. ಅಪ್ಪ ಅದನ್ನು ಪಹಣಿ ಜೊತೆ ಟ್ರಂಕಿನಲ್ಲಿ ಇಡುತ್ತಾರೆ. ಗಾಡಿಯ ಡಬ್ಬಿಯಲ್ಲೂ ಒಂದಿರಲಿ ಅಂತ ಈಗ ಎರಡು ಪ್ರತಿ ಕಳಿಸ್ತಿದ್ದೇನೆ.