ಫ್ರಿಜ್ಜಿಗೆ ಅಂಟಿಸೋ ಗೂಳಿ ಯಾರಿಗೆ ಬೇಕಾಗ್ಯದ?

ಈ ಸೂಟಿಯೊಳಗ ನಮ್ಮ ಬಳಗದಾಗ ಮೂರು ಮನಿಯವ್ರು ಬಾರ್ಸಿಲೋನಾಕ್ಕ ಹೊಂಟಾರ. ಮೂರೂ ಮನಿಯಿಂದ ನನಗ ಒಂದೇ ಪ್ರಶ್ನೆ: "ಮೌಶಿ, ಅಲ್ಲೆ ಶಾಪಿಂಗ್ ಎಲ್ಲೆ ಮಾಡೋಣು?" ಮಗಳ ಮನಿಯೊಳಗ ಎರಡು ಸಲ ತಿಂಗಳುಗಟ್ಟಲೆ ಇದ್ದು, ಆ ಊರಾಗ ದಿನಾ ಕಾಯಿಪಲ್ಯೆ ತಂದು ಅಡಿಗಿ ಮಾಡಿದಾಕಿ ನಾನು. ಅದಕ್ಕ ಹೇಳ್ತೀನಿ: ಲಾ ರಾಂಬ್ಲಾದಾಗ ಒಂದು ಪೈಸಾನೂ ಖರ್ಚು ಮಾಡಬ್ಯಾಡ್ರಿ.

ರಾಂಬ್ಲಾ ಅಂದ್ರ ಪ್ಲಾಸಾ ಕತಲುನ್ಯಾದಿಂದ ಸಮುದ್ರದ ಕಡೆ ಇಳಿಯೋ, ಗಿಡದ ಸಾಲಿನ ಉದ್ದನ್ನ ರಸ್ತಾ. ಅಡ್ಡಾಡ್ಲಿಕ್ಕೆ ಚಂದ ಅದ, ಅಡ್ಡಾಡ್ರಿ. ಪರ್ಸ್ ಮಾತ್ರ ಗಟ್ಟಿ ಹಿಡಕೋರಿ, ಕಿಸೆಗಳ್ಳರಿಗೂ ಆ ರಸ್ತಾ ಭಾಳ ಪ್ರೀತಿ. ಅಲ್ಲಿ ಅಂಗಡಿ ತುಂಬ ಏನವ? ಗೂಳಿ ಮ್ಯಾಗ್ನೆಟ್ಟು, ಫ್ಲಾಮೆಂಕೋ ಗೊಂಬಿ, ಮೆಕ್ಸಿಕೋದ ದೊಡ್ಡ ಟೊಪ್ಪಿಗಿ! ಫ್ಲಾಮೆಂಕೋ ದಕ್ಷಿಣದ ಆಂದಲೂಸಿಯಾದ್ದು. ಗೂಳಿ ಕಾಳಗ ಅಂತೂ ಕತಲುನ್ಯಾದ ಪಾರ್ಲಿಮೆಂಟು 2010ರಾಗ ನಿಷೇಧ ಮಾಡ್ತು. ಮುಂದ 2016ರಾಗ ಕೋರ್ಟು ಆ ಕಾಯ್ದೆ ರದ್ದು ಮಾಡಿದ್ರೂ, 2011ರ ಮ್ಯಾಲೆ ಆ ಊರಾಗ ಕಾಳಗ ನಡದಿಲ್ಲ. ಧಾರವಾಡಕ್ಕ ಬಂದಾವ್ರು ಪೇಢೆ ಬಿಟ್ಟು ಆಗ್ರಾದ ಪೇಠಾ ಕಟ್ಟಿಸಿಕೊಂಡು ಹೋದಂಗಾತು.

"ಹಂಗಾರ ಬೊಕೆರಿಯಾ ಮಾರ್ಕೆಟ್ಟಿಗೆ ಹೋಗ್ತೀವಿ, ಅದು ಖರೇ ಮಾರ್ಕೆಟ್ಟಲ್ಲಾ?" ಅಂತೀರಿ. ನನ್ನ ಸಿಟ್ಟು ಇರೋದs ಅಲ್ಲಿ. ಅದು ಒಂದು ಕಾಲಕ್ಕ ಸುತ್ತಮುತ್ತಲಿನ ಮನಿಗಳ ಅಡಿಗಿಮನಿ ತುಂಬಿಸೋ ಮಾರ್ಕೆಟ್ಟು. ಈಗ ಮುಂದಿನ ಬಾಗಲದಿಂದ ಒಳಗ ಹೋದ್ರ ಪ್ಲಾಸ್ಟಿಕ್ ಗ್ಲಾಸಿನಾಗ ಜ್ಯೂಸು, ಹೆಚ್ಚಿಟ್ಟ ಹಣ್ಣು, ಕಡ್ಡಿಗೆ ಚುಚ್ಚಿದ ತಿಂಡಿ. ಇದು ಅಂಗಡಿಯವ್ರ ತಪ್ಪಲ್ಲ. ಸಾವಿರಗಟ್ಟಲೆ ಮಂದಿ ಬಂದು, ಫೋಟೋ ತಗದು, ಒಂದು ಟೊಮೆಟೋನೂ ಕೊಳ್ಳದs ಹೋದ್ರ ಬದನಿಕಾಯಿ ಮಾರಾಕಿ ಏನು ಮಾಡಬೇಕು? ಆಕಿನೂ ಜ್ಯೂಸ್ ಇಡ್ತಾಳ. ಗಾಲಿ ಚೀಲ ಎಳಕೊಂಡು ಬರೋ ಅಜ್ಜಿ ಆ ಗದ್ದಲದಾಗ ನುಗ್ಗಲಾರದ ಬ್ಯಾರೆ ಕಡೆ ಹೋಗ್ತಾಳ. ಕಡೀಕೆ 2015ರಾಗ, ಶುಕ್ರವಾರ ಶನಿವಾರ ಮುಂಜಾನೆ 15ಕ್ಕಿಂತ ಹೆಚ್ಚು ಮಂದಿಯ ಪ್ರವಾಸಿ ಗುಂಪು ಒಳಗ ಬರಬಾರ್ದು ಅಂತ ನಗರಸಭಾದವ್ರು ನಿಯಮ ಮಾಡಬೇಕಾತು. ನಮ್ಮ ಸೂಪರ್ ಮಾರ್ಕೆಟ್‌ನಾಗ ಮೆಂತೆ ಸೂಡು ಆರಿಸೋ ಹೊತ್ತಿಗೆ ಐವತ್ತು ಮಂದಿ ಬಂದು ನಿಮ್ಮ ಮುಂದ ಫೋನ್ ಹಿಡದ್ರ ಸುಮ್ನಿರ್ತೀರೇನು?

ಊರಾಗ ಹತ್ತತ್ರ 40 ಮಾರ್ಕೆಟ್ಟವ. ಸಾಂತ್ ಆಂತೋನಿಗೆ ಹೋಗ್ರಿ. 1882ರ ಕಬ್ಬಿಣದ ಕಟ್ಟಡ, ರಿಪೇರಿ ಮುಗದು 2018ರಾಗ ಮತ್ತ ತಗದಾರ. ರವಿವಾರ ಕಾಯಿಪಲ್ಯೆ ಬಂದ್, ಹೊರಗ ಹಳೇ ಪುಸ್ತಕದ ಸಂತಿ ಕೂಡ್ತದ. ಇಲ್ಲಾ ಕೆಥೀಡ್ರಲ್ ಹತ್ರ ಸಾಂತಾ ಕಾತೆರಿನಾಕ್ಕ ಹೋಗ್ರಿ, ತೆರಿ ಹಂಗ ಬಳುಕೋ ಬಣ್ಣಬಣ್ಣದ ಛಾವಣಿ ಅದರದ್ದು. ಹಣ್ಣು ಕೈಲೆ ಹಿಚುಕಿ ನೋಡಬ್ಯಾಡ್ರಿ, ಅಂಗಡಿಯವ್ರs ಆರಿಸಿ ಕೊಡ್ತಾರ. ಚೌಕಾಶಿನೂ ನಡಿಯೂದಿಲ್ಲ. ಪಾಳಿ ಕಾಣದಿದ್ರ "ಉಲ್ತಿಮೋ?" ಅನ್ರಿ, ಕಡೀಕೆ ಬಂದಾವ್ರು ಕೈ ಎತ್ತತಾರ. ಅವರ ಹಿಂದ ನಿಮ್ಮ ಪಾಳಿ. ಇಷ್ಟು ಮಾಡಿದ್ರ ಸಾಕು, ಎರಡನೇ ದಿನ ಅಂಗಡಿಯಾಕಿ ನಿಮ್ಮ ಗುರ್ತು ಹಿಡೀತಾಳ.

ನಮ್ಮ ವೈನಿ ಕೇಳ್ತಾರ, "ನಲವತ್ತು ಮಂದಿಗೆ ಹಂಚಲಿಕ್ಕೆ ಮ್ಯಾಗ್ನೆಟ್ಟs ಸೋವಿ ಅಲ್ಲೇನs?" ಸೋವಿ ಖರೇ, ಆದ್ರ ಆ ನಲವತ್ತು ಮಂದಿ ಅದನ್ನ ಮುಂದ ಯಾರಿಗೆ ದಾಟಿಸಲಿ ಅಂತ ನೋಡ್ತಿರ್ತಾರ. ಪಿಮೆಂತೋನ್ ತರ್ರಿ. ಲಾ ವೆರಾ ಅನ್ನೋ ಕಡೆ ಓಕ್ ಕಟ್ಟಿಗಿ ಹೊಗಿಯೊಳಗ ಒಣಗಿಸಿದ ಕೆಂಪು ಮೆಣಸಿನಕಾಯಿ ಪುಡಿ, ಸಣ್ಣ ಸಣ್ಣ ಡಬ್ಬಿ. ಬ್ಯಾಡಗಿ ಕಂಡಾವ್ರಿಗೆ ಬಣ್ಣ ಹೊಸಾದಲ್ಲ, ಹೊಗಿ ವಾಸನಿ ಹೊಸಾದು. ಆಲಿವ್ ಎಣ್ಣಿ ತರೋದಿದ್ರ ಕತಲುನ್ಯಾದ್ದs ಆದ ಅರ್ಬೆಕಿನಾ ತರ್ರಿ, ತವರದ ಡಬ್ಬಿದು, ಸೂಟ್‌ಕೇಸಿನಾಗ ಒಡಿಯೂದಿಲ್ಲ.

ಶಾಕಾಹಾರಿ ಮನಿಯವ್ರು ಇದೊಂದು ಪಕ್ಕಾ ನೆನಪಿಟ್ಟುಕೋರಿ. ಏರ್‌ಪೋರ್ಟಿನಾಗ ಅಷ್ಟಕೋನದ ದೊಡ್ಡ ಡಬ್ಬಿಯೊಳಗ ಎನ್ಸಾಯ್ಮಾದಾ ಅಂತ ಬ್ರೆಡ್ಡು ಮಾರ್ತಾರ. ಅದರ ಹೆಸರಿನಾಗಿನ "ಸಾಯಿಮ್" ಅಂದ್ರs ಹಂದಿ ಕೊಬ್ಬು. ಬಣ್ಣದ ಕಾಗದದಾಗ ಸುತ್ತಿದ ಪೊಲ್ವೊರೋನ್‌ನಾಗೂ ಹೆಚ್ಚಾಗಿ ಅದs ಇರ್ತದ. ಮಾಂಚೇಗೋ ಚೀಸಿಗೆ ಪ್ರಾಣಿ ಹೊಟ್ಟಿಯ ಹೆಪ್ಪು ಹಾಕಿರ್ತಾರ. ಬದಾಮು, ಒಣ ಅಂಜೂರ ತರ್ರಿ, ಅಜ್ಜಿಗೂ ನಡೀತದ.

ಬಟ್ಟಿ, ಬ್ಯಾಗು ಕೊಂಡ್ರ 21% ತೆರಿಗಿ ಸೇರಿರ್ತದ. ಬಿಲ್ಲು ಮಾಡೋವಾಗs ಪಾಸ್‌ಪೋರ್ಟ್ ತೋರಿಸಿ ಟ್ಯಾಕ್ಸ್ ಫ್ರೀ ಫಾರ್ಮ್ ಕೇಳ್ರಿ, 2018ರಿಂದ ಇಷ್ಟs ಖರೀದಿ ಆಗಬೇಕು ಅನ್ನೋ ಮಿತಿ ಇಲ್ಲ. ಏರ್‌ಪೋರ್ಟಿನಾಗ ಸಾಮಾನು ಚೆಕ್-ಇನ್ ಮಾಡೋಕಿಂತ ಮೊದಲs ಡೀವಾ ಅನ್ನೋ ಮಶೀನಿಗೆ ಅದನ್ನ ತೋರಿಸ್ರಿ.

ಮತ್ತ ನನಗ ಅಂತ ಗೂಳಿ ತಂದೀರಿ, ಜ್ವಾಕಿ. ತರೋದಿದ್ರ ಪಿಮೆಂತೋನ್, ಡಬ್ಬಿ ಮ್ಯಾಲೆ "ಪಿಕಾಂತೆ" ಅಂತ ಇರಬೇಕು. "ದುಲ್ಸೆ" ಅಂದ್ರ ಖಾರ ಇಲ್ಲದ್ದು, ನಮ್ಮ ಮನಿಯಾಗ ಯಾರೂ ಮುಟ್ಟೂದಿಲ್ಲ.