ಗಾಳಿ ಬೆಳಕಿನ ಹಕ್ಕು

ಮುಂಬಯಿಯ ವರ್ಳಿ ಬಿ.ಡಿ.ಡಿ. ಚಾಳಗಳ 556 ಕುಟುಂಬಗಳಿಗೆ 2025ರ ಆಗಸ್ಟಿನಲ್ಲಿ ಹೊಸ ಮನೆಗಳ ಬೀಗದ ಕೈ ದೊರೆತುದನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ. 1920ರ ದಶಕದಲ್ಲಿ ಆಂಗ್ಲ ಸರಕಾರ ಕಟ್ಟಿಸಿದ ಈ ಚಾಳಗಳಲ್ಲಿ ಗಿರಣಿ ಕಾರ್ಮಿಕನ ಇಡೀ ಸಂಸಾರಕ್ಕೆ 160 ಚದರಡಿಯ ಒಂದೇ ಖೋಲಿ. ಶೌಚಕ್ಕೆ ಸಾಲಾಗಿ ನಿಲ್ಲಬೇಕು. ರಾತ್ರಿ ಪಾಳಿ ಮುಗಿಸಿ ಬಂದವನು ಮಲಗಬೇಕಾದರೆ ಉಳಿದವರು ಹೊರಗಿನ ಓಣಿಗೆ ಹೊರಡಬೇಕು. ಈಗ ಅಲ್ಲಿಯೇ, ಸರಕಾರದ ವಸತಿ ಮಂಡಳಿಯ ಮೂಲಕ, 500 ಚದರಡಿಯ ಮನೆ ಉಚಿತವಾಗಿ ಸಿಕ್ಕಿದೆ. ಊರಾಚೆಗೆ ಅಟ್ಟದೆ ಅದೇ ನೆಲಕ್ಕೆ ಮರಳಿ ತಂದುದು ಸಣ್ಣ ಮಾತಲ್ಲ.

ಆದರೆ ಹೊಸ ಗೋಡೆ ಎದ್ದ ಮಾತ್ರಕ್ಕೆ ಆರೋಗ್ಯ ಬಂದೀತೆ? ಅದೇ ನಗರದ ಗೋವಂಡಿ, ಮಾನಖುರ್ದದ ಕಡೆ ನೋಡಿರಿ. ರಸ್ತೆ, ರೈಲು ಯೋಜನೆಗಳಿಗಾಗಿ ಎತ್ತಂಗಡಿಯಾದ ಜೋಪಡಿಯವರನ್ನು ಲಲ್ಲೂಭಾಯಿ ಮತ್ತು ನಟವರ ಪಾರೀಖ ಕಾಂಪೌಂಡುಗಳಲ್ಲಿ ತಂದು ತುಂಬಿದರು. ಬಡವರ ವಸತಿಯೆಂದು ಅಂತರದ ನಿಯಮವನ್ನೇ ಸಡಿಲಿಸಿದ್ದರಿಂದ ಕಟ್ಟಡಗಳು ಒಂದಕ್ಕೊಂದು ತಾಗಿದಂತೆ ನಿಂತಿವೆ. ಕೆಳಮಹಡಿಗಳಲ್ಲಿ ನಡುಹಗಲೂ ದೀಪ ಉರಿಯಬೇಕು. ‘ಡಾಕ್ಟರ್ಸ್ ಫಾರ್ ಯೂ’ ಸಂಸ್ಥೆಯವರ ಸಮೀಕ್ಷೆ 2018ರಲ್ಲಿ ಹೊರಬಂದಾಗ ಇಲ್ಲಿ ಕ್ಷಯ ವ್ಯಾಪಕವಾಗಿ ಹಬ್ಬಿರುವುದು ಬಯಲಾಯಿತು. ಕಟ್ಟಡಗಳ ನಡುವೆ ಹೆಚ್ಚು ಜಾಗವಿದ್ದ ನೆರೆಯ ಇನ್ನೊಂದು ವಸತಿಯಲ್ಲಿ ರೋಗಿಗಳು ತೀರ ಕಡಿಮೆ. ಕ್ಷಯದ ರೋಗಾಣು ಗಾಳಿಯಾಡಿದರೆ ಚದುರುತ್ತದೆ, ಬಿಸಿಲು ತಾಗಿದರೆ ಸಾಯುತ್ತದೆ. ಶಾಲೆಯ ಹುಡುಗರೂ ಬಲ್ಲ ಈ ಪಾಠ ನಕ್ಷೆ ಮಂಜೂರು ಮಾಡಿದವರಿಗೆ ಮಾತ್ರ ಮರೆತುಹೋಯಿತು! ಉಳ್ಳವರ ಪುಪ್ಪುಸವೇ ಬೇರೆ, ದುಡಿಯುವವನ ಪುಪ್ಪುಸವೇ ಬೇರೆ ಎಂದು ಇವರು ತಿಳಿದರೋ ಏನೋ.

ನಮ್ಮ ರಾಜ್ಯದ ಕಥೆ ಇನ್ನೂ ಕಹಿ. ಬೆಂಗಳೂರಿನ ಈಜಿಪುರದಲ್ಲಿ, ಖಾಸಗಿ ಕಂಪನಿಯ ಪಾಲುದಾರಿಕೆಯ ಯೋಜನೆಗಾಗಿ 2013ರ ಜನವರಿಯಲ್ಲಿ ಬಡವರ ವಸತಿಯನ್ನು ನೆಲಸಮ ಮಾಡಿದಾಗ ಎಷ್ಟೋ ಸಂಸಾರಗಳು ರಸ್ತೆಯ ಬದಿಗೆ ಬಿದ್ದವು.

ಆದುದರಿಂದ ಹಳೆಯ ಸರಕಾರಿ ವಸತಿಯನ್ನು ಕೆಡವಿ ಕಟ್ಟುತ್ತೇವೆಂದು ಯಾರು ಬಂದರೂ ಕಾರ್ಮಿಕ ಬಂಧುಗಳು ಚದರಡಿಯ ಲೆಕ್ಕವೊಂದನ್ನೇ ಕೇಳಿ ಸುಮ್ಮನಾಗಬಾರದು. ಕಟ್ಟಡ ಕಟ್ಟಡಗಳ ನಡುವೆ ಎಷ್ಟು ಅಡಿ ಬಿಡುತ್ತೀರಿ? ಕೆಳಗಿನ ಮನೆಗೆ ಬಿಸಿಲು ಬರುವುದೆ? ವರ್ಳಿಯ ಹೊಸ ಕಟ್ಟಡ 40 ಮಹಡಿ ಎತ್ತರ. ಅಂಥಲ್ಲಿ ಲಿಫ್ಟು, ನೀರಿನ ಪಂಪು ಕೆಟ್ಟರೆ ಮುದುಕರ ಗತಿಯೇನು, ದುರಸ್ತಿಯ ಹಣ ಯಾರ ಜೇಬಿನಿಂದ? ವಠಾರದ ಬುಡದಲ್ಲಿ ಕಿರಾಣಿ, ಚಹಾ, ಹೊಲಿಗೆ ಅಂಗಡಿ ಇಟ್ಟುಕೊಂಡು ತಿಂಗಳ ಕೊನೆಗೆ ಉದ್ರಿ ಕೊಡುವ ಸಣ್ಣ ವ್ಯಾಪಾರಿಗೆ ಹೊಸ ನಕ್ಷೆಯಲ್ಲಿ ಜಾಗವೆಲ್ಲಿ? ನಕ್ಷೆಗೆ ಅಧಿಕಾರಿಯ ಸಹಿ ಬೀಳುವ ಮುನ್ನ ಅದನ್ನು ಕನ್ನಡದಲ್ಲಿ ವಠಾರದ ಗೋಡೆಗೆ ಹಚ್ಚಿ, ಹೆಂಗಸರೂ ಸೇರಿದ ನಿವಾಸಿಗಳ ಸಭೆಯಲ್ಲಿ ಒಪ್ಪಿಗೆ ಪಡೆಯಬೇಕೆಂದು ನಾವು ಸರಕಾರವನ್ನು ಒತ್ತಾಯಿಸುತ್ತೇವೆ.